ಮಿಥೈಲ್ ಆರೆಂಜ್, ಫಿನಾಲ್ಫ್ಥಲೀನ್: ಯಾವ ಪರೀಕ್ಷೆಗೆ ಯಾವ ಸೂಚಕ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಪ್ರಯೋಗಾಲಯಕ್ಕೆ ಸೂಚಕವನ್ನು, ಅಂದರೆ ಆಮ್ಲ–ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ರಾಸಾಯನಿಕವನ್ನು, ಆರಿಸುವವರು ಬೆಲೆಗಿಂತ ಮೊದಲು ಅದರ ಬಣ್ಣ ಬದಲಾಗುವ ಪಿಎಚ್ (ಆಮ್ಲ–ಕ್ಷಾರ ಗುಣದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) ವ್ಯಾಪ್ತಿಯನ್ನು ಗಮನಿಸಬೇಕು. ಮಿಥೈಲ್ ಆರೆಂಜ್ 3.1ಕ್ಕಿಂತ ಕೆಳಗೆ ಕೆಂಪಾಗಿಯೂ 4.4ಕ್ಕಿಂತ ಮೇಲೆ ಹಳದಿಯಾಗಿಯೂ ಇರುತ್ತದೆ. ಫಿನಾಲ್ಫ್ಥಲೀನ್ ಸುಮಾರು 8.2ರವರೆಗೆ ಬಣ್ಣವಿಲ್ಲದೆ ಇದ್ದು, 10ರ ಹೊತ್ತಿಗೆ ಗಾಢ ಗುಲಾಬಿಯಾಗುತ್ತದೆ.

ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯವಾಗಿರುವುದರಿಂದ ಫಿನಾಲ್ಫ್ಥಲೀನ್ ಹಾಕಿದರೆ ಅದರಲ್ಲಿ ಬಣ್ಣವೇ ಮೂಡದು. ಆ ನೀರಿನ ಬೈಕಾರ್ಬೊನೇಟನ್ನು ಸಲ್ಫ್ಯೂರಿಕ್ ಆಮ್ಲದಿಂದ ಅಳೆಯಲು ಮಿಥೈಲ್ ಆರೆಂಜ್ ಬೇಕು. ಆದರೆ ವಿನೆಗರ್‌ನಂಥ ದುರ್ಬಲ ಆಮ್ಲವನ್ನು ಕಾಸ್ಟಿಕ್ ಸೋಡಾದಿಂದ ಅಳೆಯುವಾಗ ಮಿಥೈಲ್ ಆರೆಂಜ್ ಅಂತ್ಯಬಿಂದುವಿಗಿಂತ (ಆಮ್ಲವೆಲ್ಲ ತಟಸ್ಥವಾಗುವ ಹಂತಕ್ಕಿಂತ) ಬಹಳ ಮೊದಲೇ ಹಳದಿಗೆ ತಿರುಗಿ ಲೆಕ್ಕ ತಪ್ಪಿಸುತ್ತದೆ. ಇಲ್ಲಿ ಫಿನಾಲ್ಫ್ಥಲೀನೇ ಸರಿ. ಬ್ಯೂರೆಟ್ಟಿನಿಂದ (ಹನಿಹನಿಯಾಗಿ ಬಿಡುವ ಅಳತೆಯ ನಳಿಗೆಯಿಂದ) ಬಿದ್ದ ಕೊನೆಯ ಹನಿಗೆ ತಿಳಿಗುಲಾಬಿ ನಿಂತೊಡನೆ ಅಳತೆ ಬರೆದುಕೊಳ್ಳಬೇಕು, ಏಕೆಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದಂತೆ ಆ ಬಣ್ಣ ಮಾಸುತ್ತದೆ.

ತಯಾರಿಕೆಯಲ್ಲಿ ಮಿಥೈಲ್ ಆರೆಂಜ್ ಹೆಚ್ಚು ಎಚ್ಚರ ಬೇಡುತ್ತದೆ. ಸಲ್ಫನಿಲಿಕ್ ಆಮ್ಲವನ್ನು ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ 0–5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಯಜೋನಿಯಂ ಲವಣವೆಂಬ ಅಸ್ಥಿರ ನೈಟ್ರೋಜನ್ ಸಂಯುಕ್ತವಾಗಿಸಿ, ಆ ಬಳಿಕ ಡೈಮಿಥೈಲ್ ಅನಿಲೀನ್ ಜೊತೆ ಕೂಡಿಸುತ್ತಾರೆ. ಕರಾವಳಿಯ ಸೆಕೆಯಲ್ಲಿ ಮಂಜುಗಡ್ಡೆ ಕರಗಿದರೆ ಲವಣವು ನೈಟ್ರೋಜನ್ ಬಿಟ್ಟು ಒಡೆಯುತ್ತದೆ, ಒಣಗಿಸಿದರೆ ಸ್ಫೋಟಿಸಲೂಬಹುದು. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಫಿನಾಲ್ಫ್ಥಲೀನ್‌ಗೆ ಥಾಲಿಕ್ ಅನ್‌ಹೈಡ್ರೈಡ್ ಮತ್ತು ಫಿನಾಲನ್ನು ಪ್ರಬಲ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕಾಯಿಸಿದರೆ ಸಾಕು, ಆದರೆ ಫಿನಾಲ್ ಚರ್ಮವನ್ನು ಸುಡುತ್ತದೆ. ಆದ್ದರಿಂದ ಶಾಲೆಗೆ ಎರಡನ್ನೂ ಸಿದ್ಧವಾಗಿಯೇ ಕೊಳ್ಳುವುದು ಮೇಲು: ಮಿಥೈಲ್ ಆರೆಂಜ್ ನೀರಿನಲ್ಲಿ ಕರಗುತ್ತದೆ, ಫಿನಾಲ್ಫ್ಥಲೀನ್‌ಗೆ ಆಲ್ಕೋಹಾಲ್ ಬೇಕು.