ಕೀ ತೆಗೆದ ಮೇಲೂ ಓಡುವ ಫ್ಯೂಯಲ್ ಪಂಪ್: ಹಳೆಯ ಕಾರಿನವರೇ ಎಚ್ಚರ

ಎಲೆಕ್ಟ್ರಿಕ್ ಫ್ಯೂಯಲ್ ಪಂಪ್ ಕೂರಿಸಿದ ಒಂದು ಪ್ರೀಮಿಯರ್ ಪದ್ಮಿನಿಗೆ ಆದದ್ದಿಷ್ಟು. ರಾತ್ರಿ ಕೀ ತೆಗೆದು ನಿಲ್ಲಿಸಿದ ಗಾಡಿ, ಬೆಳಿಗ್ಗೆ ಸೆಲ್ಫ್ ಹೊಡೆಯಲಿಲ್ಲ. ಬ್ಯಾಟರಿ ಪೂರಾ ಇಳಿದಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿದೆ, ಮೂಸಿದರೆ ಪೆಟ್ರೋಲ್ ವಾಸನೆ. ಹಾಗೇ ಜಂಪ್ ಕೊಟ್ಟು ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು. ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿ ನಿಂತಿದ್ದರೆ ಕನೆಕ್ಟಿಂಗ್ ರಾಡೇ ಬಾಗಬಹುದಿತ್ತು.

ಪಂಪ್ ಇಡೀ ರಾತ್ರಿ ಓಡಿತ್ತು. 2 ಆಂಪಿಯರ್ ಎಳೆಯುವ ಪಂಪ್ 10 ಗಂಟೆಯಲ್ಲಿ 20 ಆಂಪಿಯರ್-ಅವರ್ ಕುಡಿಯುತ್ತದೆ, ಹಳೆಯ ಬ್ಯಾಟರಿಗೆ ಅಷ್ಟು ಸಾಕು. ಪೆಟ್ರೋಲ್ ತುಂಬಿದೊಡನೆ ದಾರಿ ಮುಚ್ಚಬೇಕಾದ ಕಾರ್ಬೊರೇಟರ್‌ನ ನೀಡಲ್ ವಾಲ್ವ್‌ಗೆ ಚೂರು ಕಸ ಸಿಕ್ಕಿಕೊಂಡಿತ್ತು, ಉಕ್ಕಿದ ಪೆಟ್ರೋಲ್ ಮ್ಯಾನಿಫೋಲ್ಡ್ ಮೂಲಕ ಸಿಲಿಂಡರಿಗೆ, ಅಲ್ಲಿಂದ ಕೆಳಗಿನ ಆಯಿಲ್ ಚೇಂಬರಿಗೆ ಇಳಿದಿತ್ತು.

ತಪ್ಪು ಇದ್ದದ್ದು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್) ವೈರಿಂಗ್‌ನಲ್ಲಿ. ಇಂಜಿನ್ ನಿಂತರೆ ಪಂಪೂ ನಿಲ್ಲಲಿ ಎಂದು, ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್‌ನ ಸ್ವಿಚ್ಚನ್ನೇ ಬಳಸಿದ್ದರು. ಆ ಸ್ವಿಚ್ ಪ್ರೆಶರ್ ಇಲ್ಲದಾಗ ಅರ್ತ್ ಕೊಡುತ್ತದೆ, ಪ್ರೆಶರ್ ಬಂದಾಗ ಬಿಡುತ್ತದೆ. ನಮಗೆ ಬೇಕಾದದ್ದಕ್ಕೆ ನೇರ ಉಲ್ಟಾ. ಅದಕ್ಕೆ ಉಪಾಯವಾಗಿ 5 ಪಿನ್ ರಿಲೇಯ 87ಎ ಪಿನ್ನಿನಿಂದ ಪಂಪಿಗೆ ಲೈನ್ ಎಳೆದು, 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟಿದ್ದರು. ರಿಲೇ ಕಾಯಿಲ್‌ಗೆ ಕರೆಂಟ್ ಕೀಯಿಂದ, ಅರ್ತ್ ಆ ಸ್ವಿಚ್ಚಿನಿಂದ. ಇಂಜಿನ್ ಓಡುವಾಗ ಎಲ್ಲ ಸರಿ. ಕೀ ತೆಗೆದೊಡನೆ ರಿಲೇ ಕಾಯಿಲ್‌ಗೆ ಕರೆಂಟ್ ಇಲ್ಲ. ಕಾಯಿಲ್ ಸತ್ತಾಗ 30 ಮತ್ತು 87ಎ ಕೂಡಿಕೊಳ್ಳುವುದೇ ಆ ಪಿನ್ನಿನ ಗುಣ. ಪಂಪ್ ನಿಲ್ಲುವುದೇ ಇಲ್ಲ. ರಸ್ತೆಯ ಸದ್ದಿನಲ್ಲಿ ಅದರ ಟಿಕ್‌ಟಿಕ್ ಯಾರಿಗೆ ಕೇಳಬೇಕು? 30ನೇ ಪಿನ್ನನ್ನು ಇಗ್ನಿಷನ್‌ಗೆ ಬದಲಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲ: ಆಯಿಲ್ ಸ್ವಿಚ್‌ನ ವೈರ್ ಕಳಚಿದ ದಿನ, ಇಂಜಿನ್ ನಿಂತರೂ ಕೀ ಆನ್ ಇರುವಷ್ಟು ಹೊತ್ತು ಪಂಪ್ ಓಡುತ್ತಲೇ ಇರುತ್ತದೆ. ಅಪಘಾತದಲ್ಲಿ ಪೈಪ್ ಹರಿದಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

87ಎ ಮುಟ್ಟಲೇಬೇಡಿ. ಪ್ರೆಶರ್ ಬಂದಾಗ ಕೂಡಿಕೊಳ್ಳುವ ಬೇರೆ ಆಯಿಲ್ ಸ್ವಿಚ್ಚನ್ನು ಟೀ ಜಾಯಿಂಟ್ ಹಾಕಿ ಕೂರಿಸಿ. ಥ್ರೆಡ್ ಅಳತೆ ಹಳೆಯ ಸ್ವಿಚ್ಚಿಗೆ ಹೊಂದುತ್ತದೆಯೇ ನೋಡಿ. ಇಗ್ನಿಷನ್ ಲೈನ್ ಆ ಸ್ವಿಚ್ ಮೂಲಕ 86ಕ್ಕೆ, 85 ಅರ್ತ್‌ಗೆ (ಇವೆರಡೂ ಕಾಯಿಲ್‌ನ ತುದಿಗಳು), ಬ್ಯಾಟರಿ ಪ್ಲಸ್ 7.5 ಆಂಪಿಯರ್ ಫ್ಯೂಸ್ ದಾಟಿ 30ಕ್ಕೆ, ಕಾಯಿಲ್‌ಗೆ ಕರೆಂಟ್ ಬಂದಾಗ 30ಕ್ಕೆ ಕೂಡುವ 87ರಿಂದ ಪಂಪಿಗೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗಿರಲಿ, ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯ ಫ್ಲೋಟ್ ಚೇಂಬರ್ (ಕಾರ್ಬೊರೇಟರ್‌ನ ಪೆಟ್ರೋಲ್ ಬಟ್ಟಲು) ಒಣಗಿರುತ್ತದೆ, ಅದನ್ನು ತುಂಬಲು ಆಯಿಲ್ ಸ್ವಿಚ್‌ಗೆ ಸಮಾನಾಂತರವಾಗಿ, ಒತ್ತಿದಷ್ಟು ಹೊತ್ತು ಮಾತ್ರ ಕೂಡುವ ಹಾರ್ನ್ ಬಟನ್ ಒಂದಿದ್ದರೆ ಸಾಕು. ಸೆಲ್ಫ್ ಸೊಲೆನಾಯ್ಡ್ ವೈರಿನಿಂದ 86ಕ್ಕೆ ನೇರ ಕೂಡಿಸುವ ಚಾಳಿ ಕೆಲವರಿಗಿದೆ, ಬೇಡ. ಓಡುವಾಗ ಕರೆಂಟ್ ಹಿಂದಕ್ಕೆ ಹರಿದು ಸೆಲ್ಫ್ ಹಿಡಿದುಬಿಡಬಹುದು.

ಇಗ್ನಿಷನ್ ಕಾಯಿಲ್‌ನ ಪ್ಲಸ್‌ನಿಂದ ಪಂಪಿಗೆ ಕರೆಂಟ್ ತೆಗೆಯುವುದೂ ಸಾಮಾನ್ಯ. ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಭಾಗ) ಇರುವ ಗಾಡಿಯಲ್ಲಿ ಇಂಜಿನ್ ಓಡುವಾಗ ಅಲ್ಲಿ ಪೂರ್ತಿ 12 ವೋಲ್ಟ್ ಸಿಗುವುದಿಲ್ಲ. ವೈರ್ 1.5 ಚದರ ಮಿ.ಮೀ. ತಾಮ್ರದ್ದು ಧಾರಾಳ, 4 ಆಂಪಿಯರ್‌ಗೆ 5 ಮೀಟರ್ ಉದ್ದದಲ್ಲಿ ಕಾಲು ವೋಲ್ಟ್ ಮಾತ್ರ ಬೀಳುತ್ತದೆ. ನಿಜವಾಗಿ ವೋಲ್ಟೇಜ್ ತಿನ್ನುವುದು ಸವೆದ ಕೀ ಸ್ವಿಚ್, ತಿರುಚಿ ಟೇಪ್ ಸುತ್ತಿದ ಜಾಯಿಂಟ್, ಮತ್ತು ಅರ್ತ್. ಪಂಪ್ ರಬ್ಬರ್ ಬುಷ್ ಮೇಲೆ ಕೂತಿದ್ದರೆ ಬಾಡಿಯಿಂದ ಅದಕ್ಕೆ ಅರ್ತ್ ಸಿಗುವುದಿಲ್ಲ, ಬೇರೆ ವೈರ್ ಎಳೆದು ಪೇಂಟ್ ಕೆರೆದ ಜಾಗಕ್ಕೆ ಬೋಲ್ಟ್ ಮಾಡಿ. ಪ್ಲಸ್ ಅರ್ತ್ ಇರುವ (ಬ್ಯಾಟರಿಯ ಪ್ಲಸ್ಸನ್ನೇ ಬಾಡಿಗೆ ಕೂಡಿಸಿದ) ಹಳೆಯ ಬ್ರಿಟಿಷ್ ಗಾಡಿಯಾದರೆ ಪಂಪ್ ಕೊಳ್ಳುವ ಮುಂಚೆಯೇ ವಿಚಾರಿಸಿ. ಎಲೆಕ್ಟ್ರಾನಿಕ್ ಪಂಪಿಗೆ ಉಲ್ಟಾ ಕೊಟ್ಟರೆ ಸುಟ್ಟುಹೋಗಬಹುದು.

ಗುಜರಿಯಲ್ಲಿ ಸಿಗುವ ಇಂಜೆಕ್ಷನ್ ಗಾಡಿಯ ಪಂಪ್ ಅಗ್ಗ, ಆದರೆ ಅದು 3 ಬಾರ್ ಒತ್ತಡದ್ದು. ಕಾರ್ಬೊರೇಟರ್ ನೀಡಲ್ ತಡೆಯುವುದು 2ರಿಂದ 4 ಪಿಎಸ್‌ಐ, ಅಂದರೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು ಮೂರು ಪರೀಕ್ಷೆ. ಕೀ ತೆಗೆದು ಪಂಪಿಗೆ ಕೈ ಇಟ್ಟು ನೋಡಿ, ನಡುಕ ಇರಬಾರದು. ಇಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿ, ಆಗಲೂ ಸುಮ್ಮನಿರಬೇಕು. ಕೊನೆಗೆ ಇಂಜಿನ್ ಓಡುವಾಗ ಬ್ಯಾಟರಿ ಪ್ಲಸ್‌ಗೂ ಪಂಪಿನ ಪ್ಲಸ್‌ಗೂ ಮಲ್ಟಿಮೀಟರ್ ಹಿಡಿಯಿರಿ: ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಜಾಯಿಂಟ್‌ಗಳನ್ನು ಬಿಚ್ಚಿಸಿ.