ಹಾಸನದ ಬೋರ್ಡಿಲ್ಲದ ಗ್ಯಾರೇಜು: ಹಳೆಯ ಲಾರಿ ಇಟ್ಟುಕೊಂಡವರಿಗಾಗಿ ಒಂದು ವಿಮರ್ಶೆ

ಹಾಸನದಿಂದ ಸಕಲೇಶಪುರದ ಕಡೆಗೆ ಬಿ.ಎಂ. ರಸ್ತೆಯಲ್ಲಿ ಹೊರಟರೆ, ಮನೆಗಳು ವಿರಳವಾಗುವ ಹೊತ್ತಿಗೆ ಎಡಕ್ಕೆ ಒಂದು ಮಣ್ಣಿನ ದಾರಿ ಇಳಿಯುತ್ತದೆ. ಅದರ ಕೊನೆಯಲ್ಲಿ, ಎರಡು ಹಲಸಿನ ಮರಗಳ ಪಕ್ಕದ ಶೀಟಿನ ಚಪ್ಪರದಲ್ಲಿ ನಡೆಯುವ ಲಾರಿ ಗ್ಯಾರೇಜಿಗೆ ಬೋರ್ಡು ಇಲ್ಲ. ಹಳೆಯ ಲಾರಿ ಇಟ್ಟುಕೊಂಡವರು ಒಬ್ಬರಿಂದೊಬ್ಬರು ಕೇಳಿ ತಿಳಿದು ಅಲ್ಲಿಗೆ ಬರುತ್ತಾರೆ. ನಮ್ಮ ತಂದೆಯವರು ಕಾಫಿ ಮೂಟೆ ಸಾಗಿಸಲು ಇಟ್ಟುಕೊಂಡಿದ್ದ 1967ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಹತ್ತೊಂಬತ್ತು ವರ್ಷ ಕಣದ ಪಕ್ಕದ ಕೊಟ್ಟಿಗೆಯಲ್ಲಿ ನಿಂತಿತ್ತು; ಅದನ್ನು ಮತ್ತೆ ಓಡಿಸಬೇಕೆಂಬ ಆಸೆಯಿಂದ ಕಳೆದ ವರ್ಷ ನಾನೂ ಹೀಗೆಯೇ ಕೇಳಿಕೊಂಡು ಹೋದೆ. ಆ ಏಳು ತಿಂಗಳ ಅನುಭವ ಇಂಥ ಲಾರಿ ಇರುವ ಇತರರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ದೊಡ್ಡ ಮೇಸ್ತ್ರಿಗಳು ಬಾನೆಟ್ ಎತ್ತಲೇ ಇಲ್ಲ. ಆರ್.ಸಿ. ಪುಸ್ತಕ ಕೇಳಿ ಪಡೆದರು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯ ವೇಸ್ಟಿನಿಂದ ಚಾಸಿಯ, ಅಂದರೆ ಲಾರಿಯ ಅಡಿಚೌಕಟ್ಟಿನ, ಮೇಲಿನ ಗ್ರೀಸನ್ನೂ ಕೆಮ್ಮಣ್ಣನ್ನೂ ನಿಧಾನವಾಗಿ ಒರೆಸಿ, ಕೆತ್ತಿದ ಅಂಕಿಗಳ ಮೇಲೆ ತೆಳುವಾದ ಬಿಳಿ ಹಾಳೆ ಹಿಡಿದು ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಹಾಳೆಯ ಮೇಲೆ ಮೂಡಿದವು. ಕೊನೆಯ ಅಂಕಿ ಮಾತ್ರ ತುಕ್ಕಿನಿಂದ ಅರ್ಧ ಸವೆದಿತ್ತು, ಅದನ್ನು ಬಿಸಿಲಿಗೆ ಹಿಡಿದು ಪುಸ್ತಕದೊಂದಿಗೆ ಎರಡು ಸಲ ತಾಳೆ ನೋಡಿದ ಮೇಲೆಯೇ ಅವರು, "ನಂಬರ್ ಸರಿ ಇದೆ ಸಾರ್, ಇನ್ನು ಕೈ ಹಾಕಬಹುದು. ಇದು ತಪ್ಪಿದ್ರೆ ಎಷ್ಟು ದುಡ್ಡು ಸುರಿದ್ರೂ ಬರೀ ಕಬ್ಬಿಣ" ಎಂದರು.

ಆ ಮಾತಿನ ಹಿಂದೆ ಕಾನೂನಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ವಾಹನಕ್ಕೆ 50 ವರ್ಷ ದಾಟಿರಬೇಕು, ಅದು ಮೂಲ ರೂಪದಲ್ಲಿಯೇ ಇರಬೇಕು, ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಆಮೇಲಿನ ನವೀಕರಣಕ್ಕೆ 5,000. ನೋಂದಣಿಯ ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ 'ವಿಎ' ಅಕ್ಷರಗಳು ಬರುತ್ತವೆ, ಈಗಾಗಲೇ ನೋಂದಣಿ ಇರುವ ವಾಹನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರು ಇರುವವರಿಗೆ ಇದೊಂದೇ ಕಾರಣ ಸಾಕು. ಆದರೆ ಪ್ರದರ್ಶನ, ರ್ಯಾಲಿ, ತಾಂತ್ರಿಕ ಸಂಶೋಧನೆ, ಡೀಸೆಲ್ ತುಂಬಿಸುವುದು, ದುರಸ್ತಿ ಇಂಥ ಕೆಲಸಕ್ಕಲ್ಲದೆ ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಂಥ ವಾಹನವನ್ನು ರಸ್ತೆಗೆ ತರುವಂತಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಆ ನಿಯಮ ಬರೆದದ್ದು ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸರಕು ಹೊತ್ತು ದುಡಿದ ಆರು ಟೈರಿನ ಲಾರಿ ಅದರಲ್ಲಿ ಸುಲಭವಾಗಿ ಕೂರುವುದಿಲ್ಲ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಆರ್‌ಟಿಒ ಕಚೇರಿಗೆ ಕಾಗದಪತ್ರ ಒಯ್ದು ವಿಚಾರಿಸಿ ಬನ್ನಿ ಎಂದು ಮೇಸ್ತ್ರಿಗಳು ಮೊದಲ ದಿನವೇ ಹೇಳಿದರು. ಕೈಗೆ ಬಂದ ಕೆಲಸವನ್ನು ಕಳೆದುಕೊಳ್ಳುವ ಸಾಧ್ಯತೆ ಇದ್ದರೂ ಹೀಗೆ ಹೇಳುವ ಗ್ಯಾರೇಜಿನವರನ್ನು ನಾನು ಹೆಚ್ಚು ಕಂಡಿಲ್ಲ.

ಮೂಲ ರೂಪದ ಬಗ್ಗೆ ಅವರಿಗಿರುವ ಹಟ ಇಂಜಿನ್ ಕೆಲಸದಲ್ಲಿ ಚೆನ್ನಾಗಿ ಕಂಡಿತು. ಈಚಿನ ಇಂಜಿನ್ ಒಂದನ್ನು ತಂದು ಕೂರಿಸಿದರೆ ಹದಿನೈದು ದಿನದಲ್ಲಿ ಲಾರಿ ಓಡುತ್ತದೆ ಎಂದು ಬೇರೊಂದು ಕಡೆ ನನಗೆ ಹೇಳಿದ್ದರು. ಇಲ್ಲಿ ಆ ಮಾತೇ ಬರಲಿಲ್ಲ. ಆರು ಸಿಲಿಂಡರಿನ ಹಳೆಯ ಡೀಸೆಲ್ ಇಂಜಿನ್ನನ್ನೇ ಪೂರ್ತಿ ಬಿಚ್ಚಿ, ಸಿಲಿಂಡರುಗಳನ್ನು ಬೋರು ಮಾಡಿಸಿ, ಹೆಡ್ಡನ್ನು ಸಮತಟ್ಟು ಮಾಡಿಸಿ, ಸಿಕ್ಕದ ಬುಷ್ಷುಗಳನ್ನು ಲೇತಿನಲ್ಲಿ ಹೊಸದಾಗಿ ಕಡೆಸಿದರು. ಡೀಸೆಲ್ ಪಂಪು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಕಾಲದ್ದು. ವರ್ಷಗಟ್ಟಲೆ ನಿಂತ ಡೀಸೆಲ್ ಒಳಗೆ ಅಂಟಿನಂತಾಗಿ, ಡೀಸೆಲನ್ನು ಒತ್ತಿ ಕಳಿಸುವ ಪ್ಲಂಜರುಗಳೆಲ್ಲ ಹಿಡಿದುಕೊಂಡಿದ್ದವು. ಅವುಗಳನ್ನು ಬಿಡಿಸಲು ಪಂಪನ್ನು ಮೂರು ದಿನ ಎಣ್ಣೆಯಲ್ಲಿ ನೆನೆಹಾಕಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಚ್ಚಿದ ರೀತಿಯನ್ನು ನೋಡಿದಾಗ, ನಮ್ಮ ಅಪ್ಪನ ಲಾರಿ ತಕ್ಕ ಕೈಗೆ ಸೇರಿದೆ ಎಂಬ ನೆಮ್ಮದಿ ನನಗಾಯಿತು.

ಈ ಗ್ಯಾರೇಜಿನ ಇನ್ನೊಂದು ಸೇವೆ ಬಿಲ್ಲಿನಲ್ಲಿ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಹಾಸನ, ಬೇಲೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಹಳೆಯ ಲಾರಿ ಮಾಲೀಕರು, ನಿವೃತ್ತ ಚಾಲಕರು ಹಲಸಿನ ಮರದ ಕೆಳಗೆ ಸೇರುತ್ತಾರೆ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಶುರುಮಾಡಿದ್ದು, 1969ರಲ್ಲಿ ಒಪ್ಪಂದ ಮುಗಿದ ಮೇಲೆ ಮೂಗಿನ ಮೇಲಿನ ಬೆಂಜ್ ಗುರುತಾದ ಮೂರು ಮೊನೆಯ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂದದ್ದು, 1948ರಲ್ಲಿ ಮದರಾಸಿನಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದದ್ದು, ಮುಂಬೈಯ ಪ್ರೀಮಿಯರ್ ಕಂಪನಿಯ ಫಾರ್ಗೋ ಲಾರಿಗಳು, ಇವೆಲ್ಲ ಅಲ್ಲಿ ಮನೆಮಂದಿಯ ಸುದ್ದಿಯ ಹಾಗೆ ಮಾತಿಗೆ ಬರುತ್ತವೆ. ಬೆಂಜ್ ಪಕ್ಷ, ಲೇಲ್ಯಾಂಡ್ ಪಕ್ಷ ಎಂಬ ಎರಡು ಪಂಗಡಗಳೂ ಇವೆ.

"ಗೌಡ್ರೇ, ನಿಮ್ಮ ಬೆಂಜು ಶಿರಾಡಿ ಹತ್ತೋ ಹೊತ್ತಿಗೆ ನಮ್ಮ ಕಾಮೆಟ್ಟು ಮಂಗಳೂರಿಂದ ಹೆಂಚು ತಂದು ಇಳಿಸಿ ಆಗಿರ್ತಿತ್ತು" ಎಂದು ಲೇಲ್ಯಾಂಡ್ ಪಕ್ಷದ ಹಿರಿಯರೊಬ್ಬರು ನನ್ನನ್ನು ಕೆಣಕಿದರು. ನನಗೆ ಉತ್ತರ ಹೊಳೆಯುವ ಮೊದಲೇ ಎಂಬತ್ತರ ಹತ್ತಿರದ ಒಬ್ಬ ಚಾಲಕರು, "ಇಳಿಸಿರ್ತಿತ್ತು ಕಣಣ್ಣ, ಆದ್ರೆ ಆ ಸ್ಟೇರಿಂಗ್ ತಿರುಗಿಸಿದ ನಿನ್ನ ತೋಳಿಗೆ ಎಣ್ಣೆ ತಿಕ್ಕೋಕೆ ಎರಡು ದಿನ ರಜ ಬೇಕಾಗ್ತಿತ್ತು" ಎಂದರು. ಇಬ್ಬರೂ ಒಟ್ಟಿಗೆ ನಕ್ಕರು. ನಮ್ಮ ಲಾರಿಯ ಮೂಗಿನ ನಕ್ಷತ್ರ ಎಂದೋ ಕಳೆದುಹೋಗಿತ್ತು. ಅಲ್ಲಿಗೆ 'ಟಿ' ಹಾಕಿಬಿಡಿ ಎಂದು ಒಬ್ಬರು ಸೂಚಿಸಿದಾಗ, 1967ರ ಗಾಡಿಗೆ ಅದು ಸಲ್ಲದು ಎಂದು ಎರಡೂ ಪಕ್ಷದವರು ಒಂದೇ ದನಿಯಲ್ಲಿ ವಿರೋಧಿಸಿದರು. ಮುಂದಿನ ಭಾನುವಾರ ಆ ಲೇಲ್ಯಾಂಡ್ ಹಿರಿಯರೇ ತಮ್ಮ ಸಾಮಾನಿನ ಪೆಟ್ಟಿಗೆಯಿಂದ ಹಳೆಯ ನಕ್ಷತ್ರವೊಂದನ್ನು ಪಂಚೆಯ ತುದಿಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಹಣ ಕೊಡಲು ಹೋದರೆ ಮುಟ್ಟಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೂರು ತಿಂಗಳೆಂದ ಕೆಲಸ ಏಳು ತಿಂಗಳು ಹಿಡಿಯಿತು. ಅಂದಾಜು ವೆಚ್ಚವನ್ನು ಬರೆದು ಕೊಡುವ ಪದ್ಧತಿ ಇಲ್ಲದ್ದರಿಂದ, ಬಾಯಲ್ಲಿ ಹೇಳಿದ ಒಂದೂವರೆ ಲಕ್ಷ ಕೊನೆಗೆ ಎರಡು ಲಕ್ಷದ ಹದಿನೆಂಟು ಸಾವಿರಕ್ಕೆ ಮುಟ್ಟಿತು. ಪ್ರತಿಯೊಂದು ಬಿಡಿಭಾಗದ ಚೀಟಿಯನ್ನೂ ಅವರು ಇಟ್ಟಿದ್ದರಿಂದ ಲೆಕ್ಕದಲ್ಲಿ ನನಗೆ ಅನುಮಾನವಿಲ್ಲ, ಆದರೆ ಹೆಚ್ಚಾಗುತ್ತಿದೆ ಎಂದು ನಡುವೆ ಒಂದು ಮಾತು ತಿಳಿಸಬೇಕಿತ್ತು. ಬಣ್ಣದ ಕೆಲಸವನ್ನು ಅವರು ಹೊರಗೆ ಕೊಡುತ್ತಾರೆ; ಕ್ಯಾಬಿನ್ನಿಗೆ ಮೊದಲ ಸಲ ಬಳಿದದ್ದು ಹಳೆಯ ಬಣ್ಣಕ್ಕಿಂತ ತೀರ ಗಾಢವಾಗಿತ್ತು, ನಾನು ಆಕ್ಷೇಪಿಸಿದ ಮೇಲೆ ಅವರ ಖರ್ಚಿನಲ್ಲೇ ತೆಗೆಸಿ ಮತ್ತೆ ಹೊಡೆಸಿದರು. ಕೂರಲು ನೆರಳಿದೆ, ಶೌಚಾಲಯ ಇಲ್ಲ. ಫೋನು ಎತ್ತುವುದು ಅಪರೂಪ, ಆದ್ದರಿಂದ ಹೋಗಿಯೇ ವಿಚಾರಿಸಬೇಕು.

ಲಾರಿ ಬಿಡಿಸಿಕೊಂಡ ದಿನ ಮೇಸ್ತ್ರಿಗಳು ಕೈಪಂಪು ಒತ್ತಿ ಒತ್ತಿ ಡೀಸೆಲಿನ ಗುಳ್ಳೆಗಳೆಲ್ಲ ಹೋಗುವವರೆಗೆ ಗಾಳಿ ತೆಗೆದು, ಹೀಟರು ಕಾಯುವಷ್ಟು ಹೊತ್ತು ತಡೆದು, ಸೆಲ್ಫು ಹೊಡೆಯುವ ಕೆಲಸವನ್ನು ನನಗೇ ಬಿಟ್ಟರು. ಎರಡನೆಯ ಸಲಕ್ಕೆ ಇಂಜಿನ್ ಹಿಡಿಯಿತು. ಆ ಎಂಬತ್ತರ ಚಾಲಕರು ಪಕ್ಕದಲ್ಲಿ ಕುಳಿತು, ಗೇರು ಬದಲಿಸಲು ಎರಡು ಸಲ ಕ್ಲಚ್ (ಡಬಲ್ ಕ್ಲಚ್) ಒತ್ತುವಾಗ ನಡುವೆ ಎಷ್ಟು ಹೊತ್ತು ಕಾಯಬೇಕೆಂದು ನನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ತೋರಿಸುತ್ತಾ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಿದರು.

ಹಿಂದಿನ ಬಾಡಿಯ ಕೆಲಸ ಇನ್ನೂ ಬಾಕಿ ಇದೆ. ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಹೆಚ್ಚಾಗಿ ಇಂಜಿನ್ ಸಮೇತ ಚಾಸಿ ಮಾತ್ರ. ಬಾಡಿಯನ್ನು ಊರಿನ ಆಚಾರಿಗಳೇ ಮರದಲ್ಲಿ ಕಟ್ಟುತ್ತಿದ್ದರು. ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಹೊನ್ನೆ ಮರವನ್ನು ಅನುಮತಿ ಪಡೆದು ಕೊಯ್ಸಿ ನೆರಳಿನಲ್ಲಿ ಪೇರಿಸಿದ್ದೇನೆ. ಹಲಗೆ ಒಣಗಿದ ಮೇಲೆ ಲಾರಿಯನ್ನು ಅದೇ ಚಪ್ಪರಕ್ಕೆ ಒಯ್ಯುತ್ತೇನೆ. ಈ ಸಲ ಅಂದಾಜನ್ನು ಬರೆಸಿಕೊಂಡೇ ಬರುತ್ತೇನೆ.