ಶ್ವಾಸಕೋಶದಲ್ಲಿ ಸ್ಟೆಮ್ ಸೆಲ್ ಹುಡುಕೋಕೆ ಕಬ್ಬಿಣಾನಾ, ಚಿನ್ನಾನಾ?

ನನ್ನ ಓಟು ಚಿನ್ನಕ್ಕೆ. ಕಬ್ಬಿಣದ ಕಣಗಳ ಬಾಟಲಿಗೆ ಪ್ರಾಜೆಕ್ಟ್ ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು.

ಶ್ವಾಸಕೋಶಕ್ಕೆ ಪೆಟ್ಟಾದಾಗ ಸ್ಟೆಮ್ ಸೆಲ್ (ಬೇರೆ ಬಗೆಯ ಸೆಲ್ ಆಗಬಲ್ಲ ಮೂಲಕೋಶ) ಕೊಟ್ಟು ನೋಡುವ ಪ್ರಯೋಗಗಳು ನಡೆಯುತ್ತಿವೆಯಲ್ವಾ. ರಕ್ತನಾಳಕ್ಕೆ ಬಿಟ್ಟ ಸೆಲ್‌ಗಳಲ್ಲಿ ಜಾಸ್ತಿ ಪಾಲು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ, ಯಾಕಂದ್ರೆ ಅಲ್ಲಿನ ಸಣ್ಣ ನಾಳಗಳು ಅವಕ್ಕಿಂತ ಕಿರಿದು. ಆಮೇಲೆ ಎಲ್ಲಿ ಹೋದವು ಅಂತ ತಿಳಿಯಬೇಕಾದರೆ ಮೊದಲೇ ಅವಕ್ಕೆ ಕಬ್ಬಿಣದ್ದೋ ಚಿನ್ನದ್ದೋ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ತಿನ್ನಿಸಿ, ಸ್ಕ್ಯಾನ್‌ನಲ್ಲಿ ಹುಡುಕಬೇಕು.

ಹಾಸನದ ನಮ್ಮ ಲ್ಯಾಬಿನಲ್ಲಿ ಇಲಿ ಸಾಕುವ ಅನುಮತಿ ಇಲ್ಲ. ಮಟನ್ ಅಂಗಡಿಯಿಂದ ಕುರಿಯ ಶ್ವಾಸಕೋಶ ತಂದು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸೆಲ್ ಚುಚ್ಚಿ, ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ಪೇಷಂಟುಗಳೆಲ್ಲ ಹೋದ ಮೇಲೆ ಸ್ಕ್ಯಾನ್ ಸೆಂಟರಿಗೆ ಹೋದೆ.

ಕಬ್ಬಿಣದ ಆಕ್ಸೈಡ್ ಎಂಆರ್‌ಐನಲ್ಲಿ ಕಪ್ಪಾಗಿ ಕಾಣುತ್ತದೆ. ಮೊದಲು ಜೆಲ್ಲಿ ತುಂಬಿದ ಟ್ಯೂಬಿನಲ್ಲಿ ನೋಡಿದಾಗ ಚುಕ್ಕೆಗಳು ಎಷ್ಟು ಚೆನ್ನಾಗಿ ಬಂದವು ಅಂದ್ರೆ, ಮೋಸ ಹೋಗಿದ್ದೇ ಅಲ್ಲಿ. ಎಂಆರ್‌ಐಗೆ ಸಿಗ್ನಲ್ ಸಿಗುವುದು ಹೆಚ್ಚಾಗಿ ನೀರಿನಿಂದ, ಶ್ವಾಸಕೋಶದಲ್ಲಿ ಇರುವುದು ಬರೀ ಗಾಳಿ, ನೀರಿನಂಶ ಕಡಿಮೆ. ಸಾಲದ್ದಕ್ಕೆ ಗಾಳಿಯೂ ಅಂಗಾಂಶವೂ ಸೇರುವ ಕಡೆಯೆಲ್ಲ ಸಿಗ್ನಲ್ ಬೇಗ ಸಾಯುತ್ತದೆ. ಹಾಗಾಗಿ ಅದು ಮೊದಲೇ ಕಪ್ಪು. ಅಮಾವಾಸ್ಯೆ ರಾತ್ರಿ ಕರಿ ಎಮ್ಮೆ ಹುಡುಕಿದ ಹಾಗೆ. ಟೆಕ್ನಿಷಿಯನ್ ಅಣ್ಣ ಅರ್ಧ ಗಂಟೆ ಕಾದು, "ಎಲ್ಲಾ ಕಪ್ಪೇ ಇದೆಯಲ್ಲ ಮೇಡಂ, ಇದರಲ್ಲಿ ನಿಮ್ದು ಯಾವುದು?" ಅಂದರು. ಸೆಟ್ಟಿಂಗ್ ಬದಲಿಸಿ ಮತ್ತೆರಡು ಸಲ ನೋಡಿದೆವು. ಗಾಳಿ ಯಾವುದು, ಕಬ್ಬಿಣ ಯಾವುದು, ಊಹೂಂ.

ಚಿನ್ನದ ಕಣ ನಾನೇ ಮಾಡಿದ್ದು. ಚಿನ್ನದ ಲವಣಕ್ಕೆ ಸಿಟ್ರೇಟ್ ಹಾಕಿ ಕುದಿಸಿದರೆ ಬೀಟ್ರೂಟ್ ಸಾರಿನ ಬಣ್ಣ ಬರುತ್ತದೆ. (ಅಟೆಂಡರ್ ಕೇಳಿದ್ದು ಒಂದೇ: "ಎಷ್ಟು ಗ್ರಾಂ ಇದೆ?") ಸಿಟಿ ಸ್ಕ್ಯಾನ್‌ನಲ್ಲಿ (ಎಕ್ಸ್‌ರೇ ಬಳಸುವ ಸ್ಕ್ಯಾನ್) ಗಾಳಿ ಕಪ್ಪು, ಚಿನ್ನ ಬಿಳಿ. ಕೆಲವೇ ಸೆಕೆಂಡಿನಲ್ಲಿ ಸ್ಕ್ಯಾನ್ ಮುಗಿಯಿತು, ಚುಚ್ಚಿದ ಜಾಗ ಎದ್ದು ಕಾಣಿಸಿತು. ಆದರೆ ಸೆಲ್‌ಗಳು ಗುಂಪಾಗಿರಬೇಕು, ಚದುರಿದರೆ ಕಷ್ಟ. ಒಂದು ಭಾಗಕ್ಕೆ ಸಲೈನ್ ತುಂಬಿ ನೋಡಿದೆ. ಪೆಟ್ಟಾದ ಶ್ವಾಸಕೋಶದಲ್ಲಿ ನೀರು ತುಂಬುತ್ತದಲ್ಲ, ಅದಕ್ಕೆ. ಅಲ್ಲಿ ಸುತ್ತಲೂ ಬೆಳ್ಳಗಾಗಿ ಚಿನ್ನ ಮಂಕಾಯಿತು. ಹೋಲಿಸೋಕೆ ಅಂತ ಮೊದಲೇ ಒಂದು ಸ್ಕ್ಯಾನ್ ಮಾಡಿಟ್ಟುಕೊಂಡಿದ್ದಕ್ಕೆ ಬಚಾವಾದೆ.

ಸೆಲ್ ಬದುಕಿದೆಯಾ ಅಂತ ಎರಡೂ ಹೇಳುವುದಿಲ್ಲ. ಸತ್ತ ಸೆಲ್‌ನ ಕಣವನ್ನು ಮ್ಯಾಕ್ರೊಫೇಜ್ (ಕಸ ನುಂಗುವ ರಕ್ಷಣಾ ಸೆಲ್) ನುಂಗಿದರೂ ಚುಕ್ಕೆ ಹಾಗೇ ಇರುತ್ತದೆ. ಲೂಸಿಫರೇಸ್ (ಬದುಕಿರುವ ಸೆಲ್‌ನಲ್ಲಿ ಬೆಳಕು ಹೊಮ್ಮಿಸುವ ಕಿಣ್ವ) ಹೇಳುತ್ತದೆ, ಆದರೆ ಆ ಬೆಳಕು ಇಲಿಯ ಮೈಯಿಂದ ಹೊರಬಂದೀತು, ಮನುಷ್ಯನ ಎದೆಯಿಂದ ಬರಲ್ಲ.

ನನಗೆ ಸಿಗುವುದು ರಾತ್ರಿ ಹತ್ತು ನಿಮಿಷದ ಸ್ಲಾಟು, ಎಂಆರ್‌ಐ ಬಿಲ್ಲು ಕಟ್ಟುವ ತಾಕತ್ತೂ ಇಲ್ಲ. ಅದಕ್ಕೇ ಚಿನ್ನ. ಕಬ್ಬಿಣದ ಬಾಟಲಿ ಫ್ರಿಜ್ಜಿನಲ್ಲಿ ಇನ್ನೂ ಅರ್ಧ ಇದೆ. ಜೂನಿಯರ್‌ಗಳಿಗೆ ಪ್ರಷ್ಯನ್ ಬ್ಲೂ ಪರೀಕ್ಷೆ (ಕಬ್ಬಿಣ ಇದ್ದಲ್ಲಿ ನೀಲಿಯಾಗುತ್ತದೆ) ಮಾಡಿ ತೋರಿಸೋಕೆ ಬಳಸುತ್ತಿದ್ದೇನೆ, ನೀಲಿ ಚುಕ್ಕೆ ಮಾತ್ರ ಸಖತ್ತಾಗಿ ಬರುತ್ತದೆ.